ಬಣ್ಣ ಬದಲಿಸಲು ಬಿಡದ ಆಪಾ

ಆಪಾ ಅಂಗಡಿಯೊಳಗೆ ಕಾಲಿಟ್ಟು ಮೊದಲು ಮಾಡುತ್ತಿದ್ದ ಕೆಲಸ ಬಳೆ ತೆಗೆಯುವುದು. ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಕೈಯಿಂದ ಜಾರಿಸಿ ಸ್ಟೀಲ್ ಲೋಟಕ್ಕೆ ಹಾಕುವರು. ಆ ಸದ್ದು ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ಆಮೇಲೆ ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿ ನೋಡಿಕೊಳ್ಳುವರು. ಎಲ್ಲಾದರೂ ಒರಟು ಅನ್ನಿಸಿದರೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಹಳೇ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ರೇಷ್ಮೆ ಸೀರೆ ಮುಟ್ಟುವುದು. ಬಳೆ ತಗುಲಿದರೆ ಎಳೆ ಕಿತ್ತುಬರುತ್ತದೆ, ಒರಟು ಕೈಗೂ ಎಳೆ ಸಿಕ್ಕಿಕೊಳ್ಳುತ್ತದೆ. ಬಳೆ ತೆಗೆದ ಆ ಮಣಿಕಟ್ಟಿನ ಸುತ್ತ ಬಿಳುಪಾದ ಒಂದು ಗೆರೆ ಉಳಿದಿತ್ತು. ಆಪಾ ಎಂದರೆ ನನಗೆ ಈಗಲೂ ಮೊದಲು ಕಣ್ಣಿಗೆ ಬರುವುದು ಆ ಗೆರೆ.

ಆಪಾ ಎಂದರೆ ಅವರ ಉರ್ದು ಮಾತಿನಲ್ಲಿ ಅಕ್ಕ. ನನಗಿಂತ ಎಷ್ಟೋ ಚಿಕ್ಕವರು. ಆದರೂ ಸಾಹುಕಾರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರು ನನ್ನನ್ನು ಅಜ್ಜಾ ಎನ್ನುತ್ತಿದ್ದರು. ನನಗೆ ಅಂಗಡಿಯವರು ಕೊಟ್ಟ ಕೆಲಸ ಗಾಜಿನ ಬಾಗಿಲು ತೆಗೆಯುವುದು, ಹಾಕುವುದು, ಬಂದವರಿಗೆ ಕೈ ಮುಗಿಯುವುದು.

ನಾನು ಓದಿದವನಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವನು. ನಮ್ಮದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ಮಂಡಿ ನೋವು ಶುರುವಾದ ಮೇಲೆ ಕುರಿ ಮಗನ ಪಾಲಿಗೆ ಬಂತು. ಅದೇ ಹೊತ್ತಿಗೆ ಮೊಮ್ಮಗಳು ಗಂಗಿಯನ್ನು ದುರ್ಗದಲ್ಲಿ ಕಾಲೇಜಿಗೆ ಸೇರಿಸಿದರು. ಒಬ್ಬಳೇ ಹೆಣ್ಣುಮಗಳು ಊರಲ್ಲದ ಊರಲ್ಲಿ ಇರುವುದು ಹೇಗೆ ಎಂದು ನಾನು ಜೊತೆಗೆ ಬಂದು ಒಂದು ರೂಮು ಮಾಡಿದೆ. ಸುಮ್ಮನೆ ಕೂತು ಏನು ಮಾಡಲಿ? ಈ ಸೀರೆ ಅಂಗಡಿಯ ಬಾಗಿಲಿಗೆ ಸೇರಿಕೊಂಡೆ. ಈಗ ಇದನ್ನು ಬರೆಯುತ್ತಿರುವುದು ನಾನೇ, ತಿದ್ದುತ್ತಿರುವವಳು ಗಂಗಿ. "ಅಜ್ಜಾ, ನನ್ನ ವಿಷಯ ಜಾಸ್ತಿ ಬರೀಬ್ಯಾಡ, ಆಪಾರದ್ದು ಬರಿ" ಎಂದು ಗದರಿಸಿದ್ದಾಳೆ. ಆಗಲಿ ಎಂದಿದ್ದೇನೆ. ಆದರೆ ಅದು ನನ್ನ ಕೈಲಿ ಆಗುತ್ತದೆಯೇ? ಆಪಾರ ಬಗ್ಗೆ ಬರೆದರೆ ಗಂಗಿ ಬಂದೇ ಬರುತ್ತಾಳೆ.

ಅಂಗಡಿಗೆ ಸೇರಿದ ಮೊದಲ ವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇದ್ದೆ. ವಾಚ್‌ಮನ್ ಕೂರಬಾರದು ಎಂಬುದು ಅಂಗಡಿಯ ಪದ್ಧತಿ. ಸೀರೆ ತೋರಿಸುವ ಹೆಣ್ಣುಮಕ್ಕಳೂ ಕೂರುವ ಹಾಗಿರಲಿಲ್ಲ. ಗಾದಿಯ ಮೇಲೆ ರೇಷ್ಮೆ ಸೀರೆ ಹರಡುವ ಆಪಾ ಒಬ್ಬರಿಗೆ ಮಾತ್ರ ಕೂತು ಮಾಡುವ ಕೆಲಸ. ಒಂದು ಮಧ್ಯಾಹ್ನ ಅವರು ಒಳಗಿನಿಂದ ಒಂದು ಸ್ಟೂಲ್ ತಂದು ನನ್ನ ಪಕ್ಕ ಇಟ್ಟರು.

"ಕುಂತ್ಕಳ್ರಿ ಅಜ್ಜಾ."

"ಬ್ಯಾಡ್ರಿ ಆಪಾ, ಸಾಹುಕಾರ್ರು ಬೈತಾರೆ."

"ಬೈದ್ರೆ ನಂಗೆ ಬೈತಾರೆ. ನಿಮ್ಮ ಕಾಲಿಗೆ ಬೈಯಲ್ಲ, ಕುಂತ್ಕಳ್ರಿ."

ಸಾಹುಕಾರರು ಬಂದು ನೋಡಿದರು. ಆಪಾ ತಲೆ ಎತ್ತದೆ ಸೀರೆ ಮಡಿಸುತ್ತಲೇ, "ಗಿರಾಕಿ ಬಂದಾಗ ಎದ್ದು ಬಾಗ್ಲು ತೆಗೀತಾರೆ ಸಾಹುಕಾರ್ರೆ. ಬರದೇ ಇದ್ದಾಗ ನಿಂತ್ಕಂಡು ಯಾರಿಗೆ ಕೈ ಮುಗೀಬೇಕು? ಗಾಳಿಗಾ?" ಎಂದರು. ಸಾಹುಕಾರರು ನಕ್ಕು ಹೋದರು. ಅವರು ಕೆಟ್ಟವರಲ್ಲ. ತಮ್ಮ ತಂದೆ ಮಾಡಿದಂತೆ ತಾವೂ ಮಾಡಿಕೊಂಡು ಬಂದವರು, ಅಷ್ಟೆ. ಯಾರಾದರೂ ನಿಲ್ಲಿಸಿ ಹೇಳಿದರೆ ಕೇಳುವರು. ಆದರೆ ನಿಲ್ಲಿಸಿ ಹೇಳುವ ಎದೆ ಆಪಾ ಒಬ್ಬರಿಗೇ ಇತ್ತು. ಮುಂದಿನ ತಿಂಗಳು ಹೆಣ್ಣುಮಕ್ಕಳ ಹಿಂದೆಯೂ ಸ್ಟೂಲ್‌ಗಳು ಬಂದವು.

ಆಪಾ ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಲೆಗೆ ಸುತ್ತಿದ ಬಟ್ಟೆ ಕೌಂಟರಿನಲ್ಲಿ ಬೇಡ, ಹೊರಗೆ ಹೋಗುವಾಗ ಬೇಕಾದರೆ ಹಾಕಿಕೊಳ್ಳಿ ಎಂದು ಸಾಹುಕಾರರು ಹೇಳಿದ್ದರಂತೆ. "ಅಂಗಡಿ ಬಟ್ಟೆ ಮಾರಾಕೆ ಬಂದೀನಿ ಸಾಹುಕಾರ್ರೆ. ನನ್ನ ತಲೆ ಮ್ಯಾಲಿನ ಬಟ್ಟೆ ಮಾರಾಟಕ್ಕಿಲ್ಲ" ಎಂದಿದ್ದರಂತೆ ಆಪಾ. ಈ ಕತೆಯನ್ನು ಸಾಹುಕಾರರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಇನ್ನೊಂದು ನಾನೇ ಕಣ್ಣಾರೆ ಕಂಡದ್ದು. ಹೊಳಲ್ಕೆರೆ ಕಡೆಯಿಂದ ಒಬ್ಬ ಮುದುಕಮ್ಮ ಮೊಮ್ಮಗಳ ಧಾರೆ ಸೀರೆ ತೆಗೆಯಲು ಬಂದರು. ಗಾದಿಯ ಮೇಲೆ ಆಪಾರನ್ನು ಕಂಡವರೇ, "ಶುಭಕಾರ್ಯದ ಸೀರೆ ಕಣಮ್ಮ, ನಿಮ್ಮೋರ ಕೈಯಿಂದ ಬ್ಯಾಡ, ಬ್ಯಾರೆಯೋರನ್ನ ಕರೀರಿ" ಎಂದರು. ಆಪಾ ಮುಖ ಸಿಂಡರಿಸಲಿಲ್ಲ.

"ಕರೀತೀನಿ ಕಣವ್ವ, ಅದಕ್ಕೇನಂತೆ. ಆದ್ರೆ ಈ ಸೀರೆ ನೇಯ್ದೋರು ಯಾರೋ, ಬಣ್ಣ ಅದ್ದಿದೋರು ಯಾರೋ, ಜರಿ ಎಳೆದೋರು ಯಾರೋ. ಕೈ ಕೈ ವಿಚಾರಿಸ್ಕೋತಾ ಹೋದ್ರೆ ಇಡೀ ಅಂಗಡೀಲಿ ನೀವು ಉಡಾಕೆ ಒಂದು ತುಂಡೂ ಉಳಿಯಲ್ಲ ನೋಡ್ರಿ. ಬರಿಮೈಯಾಗೆ ಹೊಳಲ್ಕೆರೆ ಬಸ್ಸು ಹತ್ತಬೇಕಾಗತ್ತೆ."

ಮುದುಕಮ್ಮ ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಹತ್ತಿದರು. "ಬಾಯಿ ಜೋರೈತೆ ಕಣೇ ನಿಂದು! ತೋರ್ಸು, ತೋರ್ಸು" ಎಂದು ಗಾದಿಯ ಮೇಲೆ ಕೂತರು. ಹೋಗುವಾಗ ಆಪಾರ ಎರಡೂ ಕೈಯಿಂದಲೇ ಸೀರೆ ಇಸಿದುಕೊಂಡರು. "ಹುಡುಗಿಗೆ ಒಳ್ಳೇದಾಗ್ಲಿ ಅನ್ನು" ಎಂದು ಅವರೇ ಕೇಳಿ ಹೇಳಿಸಿಕೊಂಡರು.

ತಮ್ಮ ಪಾಲಿಗೆ ಬಂದ ಮಾತನ್ನು ಆಪಾ ನಗಿಸಿ ಮುಗಿಸುತ್ತಿದ್ದರು. ಬೇರೆಯವರ ಪಾಲಿಗೆ ಬಂದ ಮಾತನ್ನು ಮಾತ್ರ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಸೀರೆಗೆ ಫಾಲ್ ಹೊಲಿಯಲು ಅಸ್ಸಾಂ ಕಡೆಯ ಒಬ್ಬ ಹೆಂಗಸು ಇದ್ದಳು. ಗಂಡ ಹೆಂಡತಿ ಅಷ್ಟು ದೂರದಿಂದ ಕೆಲಸ ಹುಡುಕಿಕೊಂಡು ದುರ್ಗಕ್ಕೆ ಬಂದವರು. ಸಣ್ಣ ಕಣ್ಣು, ಚಪ್ಪಟೆ ಮೂಗು. ಅವಳನ್ನು ಎಲ್ಲರೂ ಚೈನಾ ಎನ್ನುತ್ತಿದ್ದರು. ಒಂದು ದಿನ ಸೇಲ್ಸ್‌ಮನ್ ಒಬ್ಬ ಕೌಂಟರಿನಿಂದಲೇ, "ಏ ಚೈನಾ, ಫಾಲ್ ಆಯ್ತೇನೇ?" ಎಂದು ಕೂಗಿದ. ಆಪಾ ಅವನನ್ನು ಹತ್ತಿರ ಕರೆದರು.

"ನಿಮ್ಮೂರು ಯಾವುದಪ್ಪ?"

"ಗೊತ್ತಲ್ಲ ಆಪಾ, ಹಿರಿಯೂರು ಆಚೆ, ಗಡಿ ಹತ್ರ."

"ಗಡಿ ಆಚೆ ಏನೈತೆ?"

"ಆಂಧ್ರ."

"ಹಂಗಾದ್ರೆ ಇವತ್ತಿಂದ ನಿನ್ನ ಏ ಆಂಧ್ರ ಅಂತೀನಿ. ಓಗೊಡ್ತೀಯಾ?"

"ಯಾಕ್ರೀ ಆಪಾ, ನಂಗೆ ಹೆಸ್ರಿಲ್ವಾ?"

"ಅವಳಿಗೂ ಐತೆ. ಅವರಮ್ಮ ಇಟ್ಟಿದ್ದು. ಹೋಗಿ ಕೇಳ್ಕಂಡು ಬಾ. ಕೇಳ್ಕಂಡು ಬರೋ ತಂಕ ನಿನ್ನ ಗಿರಾಕಿ ಸೀರೆಗೆ ಫಾಲ್ ಆಗಲ್ಲ."

ಅವನು ಹೋಗಿ ಕೇಳಿಕೊಂಡು ಬಂದ. ಅವಳ ಮಾತಿನಲ್ಲಿ ಊಟ ಆಯಿತೇ ಎಂದು ಕೇಳುವುದನ್ನು ಆಪಾ ಕಲಿತಿದ್ದರು. ದಿನಾ ಮಧ್ಯಾಹ್ನ ಅವರು ಅದನ್ನು ಕೇಳುವುದು, ಅವರು ಅಂದ ರೀತಿಗೆ ಆ ಹೆಂಗಸು ಮಿಷನ್ ನಿಲ್ಲಿಸಿ ಬಿದ್ದು ಬಿದ್ದು ನಗುವುದು ನಡೆದೇ ಇತ್ತು. ಮೊದಲು ಮೂಲೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದವಳ ಡಬ್ಬಿ ಆಮೇಲೆ ಎಲ್ಲರ ಡಬ್ಬಿಗಳ ನಡುವೆ ಬಂತು. ಭಾನುವಾರ ಮಧ್ಯಾಹ್ನ ಆಪಾರ ಮನೆಯ ಅಂಗಳದಲ್ಲಿ ಬೇರೆ ಬೇರೆ ಅಂಗಡಿಗಳ ಹೆಣ್ಣುಮಕ್ಕಳು ಸೇರುತ್ತಿದ್ದರು. ಲಿಂಗಾಯಿತರವರು, ಗೊಲ್ಲರವರು, ಹಟ್ಟಿಯವರು, ಅವರ ಮೊಹಲ್ಲಾದ ಹುಡುಗಿಯರು ಎಲ್ಲ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಯಾವ ಅಂಗಡಿಯಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಎಲ್ಲಿ ಜಾತಿ ಕೇಳಿ ನೀರು ಕೊಡುತ್ತಾರೆ, ಅಲ್ಲಿಗೆ ಯಾರು ಹೋಗಿ ಮಾತಾಡುವುದು ಎಂದು ಮಾತಾಗುತ್ತಿತ್ತು. ಗಂಗಿ ಅಲ್ಲಿಗೆ ಹೋಗಿ ಬಂದು ನನಗೆ ಹೇಳುತ್ತಿದ್ದಳು. ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

ಈಗ ಗಂಗಿಯ ವಿಷಯಕ್ಕೆ ಬರುತ್ತೇನೆ, ಅವಳು ಬೈದರೆ ಬೈಯಲಿ.

ನನ್ನ ಮೊಮ್ಮಗಳು ಕಪ್ಪು. ನನ್ನ ಹಾಗೆ, ನಮ್ಮಪ್ಪನ ಹಾಗೆ ಕಪ್ಪು. ಹೊಲದ ಎರೆಮಣ್ಣು ಮಳೆಗೆ ನೆನೆದಾಗ ಇರುತ್ತದಲ್ಲ, ಆ ಬಣ್ಣ. ಡಿಗ್ರಿ ಮುಗಿಸಿದ ಮೇಲೆ ಅವಳಿಗೆ ಅಂಗಡಿಯ ಕೆಲಸದ ಮೇಲೆ ಮನಸ್ಸಾಯಿತು. ದಿನಾ ನನಗೆ ಬುತ್ತಿ ತರುತ್ತಾ ಆಪಾ ಸೀರೆ ಹರಡುವುದನ್ನು ನೋಡಿ ನೋಡಿ ಆಸೆ ಬೆಳೆದಿತ್ತು. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ. ದೊಡ್ಡ ರೇಷ್ಮೆ ಸೀರೆಯನ್ನು ಬರೀ ಹರಡಿ ತೋರಿಸಿದರೆ ಸಾಲದು. ಒಬ್ಬ ಹುಡುಗಿಯನ್ನು ನಿಲ್ಲಿಸಿ, ಅವಳ ಹೆಗಲ ಮೇಲೆ ಸೆರಗು ಇಳಿಬಿಟ್ಟು, ಸೊಂಟದ ಹತ್ತಿರ ನೆರಿಗೆ ಹಿಡಿದು ತೋರಿಸಬೇಕು. ಆ ಹುಡುಗಿಯರೇ ನಿಧಾನಕ್ಕೆ ಸೀರೆ ಮಾರುವ ಕೆಲಸವನ್ನೂ ಕಲಿತು ಮೇಲೆ ಬರುವುದು. ಆದರೆ ಅದಕ್ಕೆ ಸಾಹುಕಾರರು ಬೆಳ್ಳಗಿರುವವರನ್ನೇ ಆರಿಸುತ್ತಿದ್ದರು. ಕಪ್ಪಗಿದ್ದವರು ಒಳಗೆ ಗೋಡೌನಿನಲ್ಲಿ ಸೀರೆ ಮಡಿಕೆಯ ಕೆಲಸಕ್ಕೆ. ಒಳಗೆ ಹೋದವರು ಮತ್ತೆ ಹೊರಗೆ ಬಂದದ್ದು ನಾನು ನೋಡಿರಲಿಲ್ಲ.

"ಹುಡುಗಿ ಚುರುಕೈತೆ ಆಪಾ, ಒಳಗಡೆ ಹಾಕಾಣ" ಎಂದರು ಸಾಹುಕಾರರು.

"ಚುರುಕಾಗಿದ್ರೆ ಒಳಗ್ಯಾಕೆ? ಮುಂದಕ್ಕೆ ಹಾಕ್ರಿ."

"ನಿಮಗೆ ಗೊತ್ತಲ್ಲ, ಗಿರಾಕಿ ಬಣ್ಣ ನೋಡ್ತಾರೆ..."

"ಗಿರಾಕಿ ಯಾವ ಬಣ್ಣ ಅವರೆ ಅಂತ ನೀವು ಯಾವತ್ತಾದ್ರೂ ನೋಡಿದೀರಾ? ಬಾಗಿಲ ಹತ್ರ ನಿಂತ್ಕಂಡು ನೋಡ್ರಿ. ಒಳಗೆ ಬರೋರೆಲ್ಲ ನಿಮ್ಮಂಗೆ, ನನ್ನಂಗೆ, ಈ ಅಜ್ಜನಂಗೇ ಅವರೆ."

ಸಾಹುಕಾರರು ಅರೆಮನಸ್ಸಿನಿಂದ ಒಪ್ಪಿದರು. ಒಂದು ಸಲ ನೋಡೋಣ, ಸರಿಬರದಿದ್ದರೆ ಒಳಗೇ ಎಂದರು. ಆ ರಾತ್ರಿ ಗಂಗಿ ಊಟ ಮಾಡಲಿಲ್ಲ, ಅಷ್ಟು ಖುಷಿ. ರೂಮಿನಲ್ಲಿ ನನ್ನ ಪಂಚೆಯನ್ನೇ ಹೆಗಲ ಮೇಲೆ ಹಾಕಿಕೊಂಡು ಆ ಕಡೆ ಈ ಕಡೆ ತಿರುಗಿ ತೋರಿಸಿದಳು.

ಆ ಒಂದು ಸಲ ಬಂದದ್ದು ಭೀಮಸಮುದ್ರದ ಒಂದು ಅಡಿಕೆ ವ್ಯಾಪಾರದ ಮನೆಯವರು ಜವಳಿ ತೆಗೆಯಲು ಬಂದ ದಿನ. ಮದುವೆಯ ಜವಳಿ ಎಂದರೆ ಗೊತ್ತಲ್ಲ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಸೇರಿ ವ್ಯಾನ್ ಮಾಡಿಕೊಂಡು ಬರುತ್ತಾರೆ. ಬಾಗಿಲು ತೆಗೆದು ತೆಗೆದು ನನ್ನ ಕೈ ಸೋತಿತು. ಮದುಮಗಳು ತಾಯಿಯ ಬೆನ್ನ ಹಿಂದೆ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಅವಳೂ ಕಪ್ಪು. ಮಾತೆಲ್ಲ ಗಂಡಿನ ಸೋದರತ್ತೆಯದು.

"ಹುಡುಗಿ ಬಣ್ಣ ಕಮ್ಮಿ ಐತೆ. ತಿಳೀ ಬಣ್ಣದ್ದೇ ತೆಗೀರಿ. ಕೆನೆ ಬಣ್ಣ, ಬಾದಾಮಿ ಬಣ್ಣ ಅಂಥಾವು."

ಆಪಾ ಅಂಥ ಸೀರೆಗಳನ್ನು ಒಂದರ ಮೇಲೆ ಒಂದು ಹರಡಿದರು. ಯಾವುದೂ ಯಾರಿಗೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರು ಯಾರನ್ನೂ ಕೇಳದೆ ಒಂದು ಮೊಳಕಾಲ್ಮೂರು ಸೀರೆ ತೆಗೆದರು. ನೇರಳೆ ಹಣ್ಣಿನ ಬಣ್ಣದ ಒಡಲು, ಗಿಣಿ ಹಸಿರು ಅಂಚು. ತೆಗೆದು, "ಗಂಗೀ, ಬಾರವ್ವ" ಎಂದು ಕೂಗಿದರು.

ಒಳಗಿನಿಂದ ಬಂದ ಗಂಗಿಯನ್ನು ನೋಡಿ ನನಗೆ ಗುರುತೇ ಹತ್ತಲಿಲ್ಲ. ಮುಖ, ಕತ್ತು, ಕಿವಿಯ ಹಿಂದೆಯವರೆಗೂ ಬಿಳಿ ಪೌಡರ್. ಸಾಹುಕಾರರು ಅವಳನ್ನು ಒಳಗಿನ ಕನ್ನಡಿಯ ಹತ್ತಿರ ನಿಲ್ಲಿಸಿ, ದೊಡ್ಡ ಗಿರಾಕಿ ಬಂದಿದ್ದಾರೆ, ಚೆನ್ನಾಗಿ ಹಚ್ಚಿಕೊಂಡು ಬಾ ಎಂದು ಡಬ್ಬಿ ಕೈಗೆ ಕೊಟ್ಟಿದ್ದರಂತೆ. ಪಾಪದ್ದು, ಎಲ್ಲಿ ಒಳಗೆ ಹಾಕಿಬಿಡುತ್ತಾರೋ ಎಂಬ ಹೆದರಿಕೆಗೆ ಅರ್ಧ ಡಬ್ಬಿ ಸುರಿದುಕೊಂಡಿತ್ತು.

ಆಪಾ ಅವಳನ್ನು ನೋಡಿದರು. ಹುಬ್ಬು ಗಂಟಿಕ್ಕಿದರು. ಆದರೆ ಎದುರಿಗೆ ಅಷ್ಟು ಜನ ಕೂತಿದ್ದಾರೆ. ಸುಮ್ಮನೆ ಸೆರಗು ಹೆಗಲ ಮೇಲೆ ಹಾಕಿದರು. ಗಂಗಿ ಹೆದರಿಕೆಗೆ ಕತ್ತು ತಿರುಗಿಸಿದಳು ನೋಡಿ, ನೇರಳೆ ಬಣ್ಣದ ರೇಷ್ಮೆಯ ಮೇಲೆ ಕೈಯಗಲ ಬಿಳೀ ಕಲೆ ಕೂತಿತು.

ಸೋದರತ್ತೆ ಮೊದಲು ನಕ್ಕವರು. "ಅಯ್ಯೋ, ಗೋಡೆ ಸುಣ್ಣ ಸೀರೆಗೆ ಹತ್ತಿತು ನೋಡ್ರೇ!" ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ನಗದೇ ಇದ್ದದ್ದು ಮದುಮಗಳು ಒಬ್ಬಳೇ. ಅವಳು ತಲೆ ಇನ್ನೂ ತಗ್ಗಿಸಿದಳು.

ಸಾಹುಕಾರರು ಕ್ಯಾಶ್ ಟೇಬಲ್ ಬಿಟ್ಟು ಓಡಿ ಬಂದರು. "ಏ ಹುಡುಗಿ, ಸೀರೆ ಬಿಚ್ಚಿಟ್ಟು ಒಳಗೆ ಹೋಗು! ನಾನು ಹೇಳಿರಲಿಲ್ವಾ ಆಪಾ?"

ನನಗೆ ಏನಾಯಿತೋ ಗೊತ್ತಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ. "ಬಾರವ್ವ ಗಂಗಿ, ಹೋಗಾಣ" ಎಂದೆ. ಈ ಅಂಗಡಿಯೂ ಬೇಡ, ಈ ದುರ್ಗವೂ ಬೇಡ, ಊರಿಗೆ ಹೋಗಿ ಕುರಿ ಮೇಯಿಸೋಣ ಅನ್ನಿಸಿತು. ಗಂಗಿ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ಇಳಿದು ಪೌಡರಿನ ಮೇಲೆ ಗೆರೆ ಮೂಡಿತ್ತು. ಒಂದು ಹೆಜ್ಜೆ ಇಟ್ಟೇಬಿಟ್ಟಳು.

ಆಗ ಆಪಾ ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, "ಅಜ್ಜಾ, ಬಾಗ್ಲು ಹಾಕ್ರಿ. ಎಸಿ ಹೊರಗೆ ಹೋಗ್ತೈತೆ" ಎಂದರು.

ನಾನು ಬಾಗಿಲು ಹಾಕಿದೆ. ಆ ದನಿ ಹಾಗಿತ್ತು.

ಗಿರಾಕಿಗಳಿಗೆ ಕುಡಿಯಲು ಇಟ್ಟಿದ್ದ ಚೊಂಬಿನ ನೀರಿಗೆ ಆಪಾ ತಮ್ಮ ತಲೆಬಟ್ಟೆಯ ತುದಿಯನ್ನು ಅದ್ದಿದರು. ಎದ್ದು ನಿಂತು, ಅಷ್ಟೂ ಜನರ ಎದುರಿಗೆ ಗಂಗಿಯ ಹಣೆ, ಕೆನ್ನೆ, ಕತ್ತು, ಕಿವಿಯ ಹಿಂದೆ ಎಲ್ಲ ಒರೆಸಿದರು. ಮಗುವಿಗೆ ಸ್ನಾನ ಮಾಡಿಸಿದ ತಾಯಿ ಒರೆಸುವ ಹಾಗೆ ಒರೆಸಿದರು. ಅವಸರವಿಲ್ಲ. ಆಮೇಲೆ ಮೆತ್ತನೆಯ ಒಣಬಟ್ಟೆ ತೆಗೆದು ಸೀರೆಯ ಮೇಲಿನ ಬಿಳುಪನ್ನು ಹಗುರವಾಗಿ ಕೊಡವಿದರು. ಪುಣ್ಯಕ್ಕೆ ಅದು ಇನ್ನೂ ಒದ್ದೆಯಾಗಿ ಹಿಡಿದಿರಲಿಲ್ಲ. ಹೋಯಿತು.

"ಸೀರೆಗೆ ಕಲೆ ಆಗಿದ್ದು ಇವಳ ಬಣ್ಣದಿಂದ ಅಲ್ಲ ಸಾಹುಕಾರ್ರೆ" ಎಂದರು ಆಪಾ. "ನೀವು ಹಚ್ಚಿಸಿದ ಬಣ್ಣದಿಂದ."

"ಆಪಾ, ಗಿರಾಕಿಗಳ ಮುಂದೆ..."

"ನೀವು ಒಳಗೆ ಹೋಗು ಅಂದಿದ್ದೂ ಅವರ ಮುಂದೇನೇ. ನಾನೂ ಅವರ ಮುಂದೇನೇ ಹೇಳ್ತೀನಿ. ಇವಳು ಒಳಗೆ ಹೋದ್ರೆ ನಾನು ಮನೆಗೆ ಹೋಗ್ತೀನಿ. ನಾಳೆಯಿಂದ ಗಾದಿ ಮ್ಯಾಲೆ ಪೌಡರ್ ಡಬ್ಬಿ ಕೂರ್ಸಿ ವ್ಯಾಪಾರ ಮಾಡ್ರಿ."

ಹೀಗೆಂದು ಅವರು ಗಂಗಿಯ ಹೆಗಲ ಮೇಲೆ ಸೆರಗು ಮತ್ತೆ ಇಳಿಬಿಟ್ಟರು, ನೆರಿಗೆ ಹಿಡಿದರು. "ತಲೆ ಎತ್ತು. ಇನ್ನೂ. ಹಾಂ, ಹಂಗೆ" ಎಂದರು.

ಏನೆಂದು ಹೇಳಲಿ! ನಮ್ಮ ಮನೆಯ ಹೆಣ್ಣುಮಗಳು ಆ ನೇರಳೆ ಸೀರೆಯಲ್ಲಿ ನಿಂತ ಆ ನಿಲುವನ್ನು ಹೇಳಲು ಮೂರನೇ ಕ್ಲಾಸಿನ ಓದು ಸಾಲದು. ಸೀರೆಯ ಹಸಿರು ಅಂಚು ಅವಳ ಕಪ್ಪು ಕತ್ತಿನ ಪಕ್ಕ ಬೆಂಕಿ ಹತ್ತಿದ ಹಾಗೆ ಹೊಳೆಯಿತು. ಅದೇ ಸೀರೆಯನ್ನು ಬೆಳ್ಳಗಿನ ಹುಡುಗಿಯ ಮೇಲೂ ನಾನು ಎಷ್ಟೋ ಸಲ ನೋಡಿದ್ದೆ. ಅವತ್ತು ಅದು ಬೇರೆ ಸೀರೆಯೇ ಆಗಿತ್ತು.

ತಾಯಿಯ ಬೆನ್ನ ಹಿಂದಿನಿಂದ ಮದುಮಗಳು ಮೊದಲ ಸಲ ಬಾಯಿಬಿಟ್ಟಳು.

"ನಂಗೆ ಅದೇ ಇರ್ಲಿ."

"ಸುಮ್ನಿರೇ, ನಿನ್ನ ಬಣ್ಣಕ್ಕೆ..." ಎಂದು ಸೋದರತ್ತೆ ಶುರು ಮಾಡಿದರು.

"ನನ್ನ ಬಣ್ಣಕ್ಕೇ ಕಣತ್ತೆ" ಎಂದಳು ಆ ಹುಡುಗಿ. "ಆ ಅಕ್ಕಂಗೆ ಕಾಣೋದು ನಂಗೂ ಹಂಗೇ ಕಾಣತ್ತೆ." ಎದ್ದು ಗಾದಿಯ ಮೇಲೆ ಬಂದಳು. ಆಪಾ ಗಂಗಿಗೆ ಕಣ್ಣು ಮಾಡಿದರು. ಗಂಗಿಯೇ ತನ್ನ ಹೆಗಲಿನಿಂದ ಸೆರಗು ತೆಗೆದು ಮದುಮಗಳ ಹೆಗಲ ಮೇಲೆ ಹಾಕಿದಳು. ನನ್ನ ಮೊಮ್ಮಗಳು ಮಾರಿದ ಮೊದಲ ಸೀರೆ ಅದು.

ಸಾಹುಕಾರರು ಆ ಸಂಜೆ ನನ್ನ ಹತ್ತಿರ ಬಂದರು. "ಮೊಮ್ಮಗಳಿಗೆ ಬೇಜಾರು ಮಾಡ್ಕಬ್ಯಾಡ ಅಂತ ಹೇಳಜ್ಜ" ಎಂದರು. "ನನಗೆ ಹೇಳಿದ್ರೆ ಆಗಲ್ರಿ, ಅವಳಿಗೇ ಹೇಳ್ರಿ" ಎಂದೆ. ಆಪಾರ ಜೊತೆ ಇದ್ದು ಇದ್ದು ನನಗೂ ಬಾಯಿ ಬಂದಿತ್ತು! ಅವರು ಹೋಗಿ ಹೇಳಿದರು. ಅಲ್ಲಿಂದ ಮುಂದೆ ಆ ಅಂಗಡಿಯಲ್ಲಿ ಬಣ್ಣ ನೋಡಿ ಯಾರನ್ನೂ ಒಳಗೆ ಹಾಕಲಿಲ್ಲ. ಗೋಡೌನಿನಲ್ಲಿ ಬಹಳ ಕಾಲದಿಂದ ಮಡಿಕೆ ಮಾಡುತ್ತಿದ್ದ ಇಬ್ಬರು ಹೆಂಗಸರೂ ಮುಂದಕ್ಕೆ ಬಂದರು.

ಗಂಗಿಗೆ ಆಪಾ ಎಲ್ಲ ಕಲಿಸಿದರು. ಅಂಗೈ ನುಣುಪಾಗಿ ಇಟ್ಟುಕೊಳ್ಳುವುದು, ಜವಳಿಗೆ ಬಂದವರಲ್ಲಿ ಯಾರು ಮಾತಾಡುತ್ತಿಲ್ಲ ಎಂದು ಮೊದಲು ಹುಡುಕುವುದು. "ಜೋರಾಗಿ ಮಾತಾಡೋರಿಗೆ ಸೀರೆ ತೋರಿಸ್ಬ್ಯಾಡ. ಉಡೋಳು ಯಾರು, ಅವಳಿಗೆ ತೋರಿಸು" ಎನ್ನುತ್ತಿದ್ದರು. ತಪ್ಪು ಮಾಡಿದರೆ ಬೈಯುವುದಕ್ಕೂ ಕಮ್ಮಿ ಇರಲಿಲ್ಲ. ಒಂದು ಸಲ ಗಂಗಿ ಒಬ್ಬ ಗಿರಾಕಿಯನ್ನು "ಆ ದಪ್ಪ ಆಂಟಿ" ಎಂದಳೆಂದು ಒಂದು ದಿನವೆಲ್ಲ ಅವಳ ಹತ್ತಿರ ಮಾತು ಬಿಟ್ಟಿದ್ದರು.

ಆಮೇಲೆ ಆಪಾರಿಗೆ ಉಸಿರಾಟದ ತೊಂದರೆ ಶುರುವಾಯಿತು. ಗಾದಿಯಿಂದ ಎದ್ದರೆ ಏದುಸಿರು. ಡಾಕ್ಟರು ಮನೆಯಲ್ಲೇ ಇರಿ ಎಂದರು. ಹೋಗುವ ದಿನ ಸಾಹುಕಾರರೇ, "ನಿಮ್ಮ ಗಾದಿ ಯಾರಿಗೆ ಕೊಡಾಣ ಆಪಾ?" ಎಂದು ಕೇಳಿದರು. ಆಪಾ ಗಂಗಿಯ ಕಡೆ ಕೈ ತೋರಿಸಿದರು. ಹೀಗೆ ನನ್ನ ಮೊಮ್ಮಗಳು ರೇಷ್ಮೆ ವಿಭಾಗಕ್ಕೆ ಮುಖ್ಯಸ್ಥೆಯಾದಳು. ಊರಿನಿಂದ ನನ್ನ ಮಗ ಸೊಸೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕೂತ ಮಗಳನ್ನು ದೂರದಿಂದ ನೋಡಿದರು. ಅವರಿಗೆ ಬಾಗಿಲು ತೆಗೆದವನು ನಾನೇ. ಬೇಕೆಂದೇ ಗಿರಾಕಿಗಳಿಗೆ ಮಾಡುವಂತೆ ಕೈ ಮುಗಿದೆ. ಮಗ, "ಏನಪ್ಪ ಇದು!" ಎಂದು ಕಣ್ಣೊರೆಸಿಕೊಂಡ.

ಈ ಸಲದ ಮದುವೆ ಕಾಲಕ್ಕೆ ಸಾಹುಕಾರರು ಹಿರಿಯೂರು ರಸ್ತೆಯಲ್ಲಿ ದೊಡ್ಡ ಬೋರ್ಡ್ ಹಾಕಿಸಲು ಹೊರಟರು. ದೊಡ್ಡ ಪೇಟೆಯಿಂದ ಮಾಡೆಲ್ ಕರೆಸೋಣ ಎಂದವರಿಗೆ, ಯಾಕೆ, ನಮ್ಮ ಗಂಗಿ ಇಲ್ಲವೇ ಎಂದವರು ಸಾಹುಕಾರರೇ. ನಾನು ಕಿವಿಯಾರೆ ಕೇಳಿದೆ! ಫೋಟೋ ತೆಗೆದರು. ಒಂದು ವಾರದ ಮೇಲೆ ಫೋಟೋದವನು ಕಂಪ್ಯೂಟರಿನಲ್ಲಿ ತಯಾರು ಮಾಡಿದ್ದನ್ನು ತಂದು ತೋರಿಸಿದ. ಸೀರೆ ಅದೇ, ನಿಂತ ರೀತಿಯೂ ಅದೇ. ಮುಖ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು.

ಆಪಾ ಅಂಗಡಿಯಲ್ಲಿ ಇರಲಿಲ್ಲ. ಈಗ ಯಾರು ಮಾತಾಡುತ್ತಾರೆ ಎಂದುಕೊಂಡೆ. ಗಂಗಿ ಫೋಟೋವನ್ನು ಕೈಗೆ ತೆಗೆದುಕೊಂಡು ಚೆನ್ನಾಗಿ ನೋಡಿದಳು.

"ಅಣ್ಣಾ, ಹುಡುಗಿ ಭಾರಿ ಚೆಂದ ಅವಳೆ. ಯಾರಿದು?"

ಫೋಟೋದವನು ಪೆಚ್ಚಾಗಿ, "ನೀವೇ ಮೇಡಂ. ಸ್ವಲ್ಪ ಲೈಟಿಂಗ್ ಜಾಸ್ತಿ ಮಾಡೀನಿ" ಎಂದ.

"ನಾನಲ್ಲ. ಇವಳು ಯಾವೂರೋಳು ಅಂತ ಹುಡುಕಿ ಕರ್ಕಂಡು ಬರ್ರಿ, ನಾಳೆಯಿಂದ ಅವಳೇ ಸೀರೆ ಮಾರ್ಲಿ. ಇಲ್ಲಾಂದ್ರೆ ನನ್ನ ಮುಖ ನಂಗೆ ವಾಪಸ್ ಕೊಡ್ರಿ."

ಸಾಹುಕಾರರು ಜೋರಾಗಿ ನಕ್ಕರು. "ಬ್ಯಾಗ ಸರಿಮಾಡಪ್ಪ. ಆಪಾಗೇನಾದ್ರೂ ಗೊತ್ತಾದ್ರೆ ನಿನ್ನೂ ಬಿಡಲ್ಲ, ನನ್ನೂ ಬಿಡಲ್ಲ" ಎಂದರು.

ಬೋರ್ಡ್ ನಿಂತ ಮೇಲೆ ನಾನೊಂದು ಆಟೋ ಮಾಡಿಕೊಂಡು ಆಪಾರ ಮನೆಗೆ ಹೋದೆ. "ಎದ್ದೇಳ್ರಿ ಆಪಾ, ಒಂದು ಕಡೆ ಹೋಗಿ ಬರಾಣ" ಎಂದೆ. ಅವರು ಗೋಡೆ ಹಿಡಿದುಕೊಂಡು ಬಂದು ಆಟೋ ಹತ್ತಿದರು. ಹಿರಿಯೂರು ರಸ್ತೆಯ ಬದಿಯಲ್ಲಿ ಆಟೋ ನಿಲ್ಲಿಸಿದೆವು. ಆಕಾಶದಷ್ಟು ಎತ್ತರಕ್ಕೆ ಗಂಗಿ ತನ್ನದೇ ಬಣ್ಣದಲ್ಲಿ ನಿಂತಿದ್ದಳು. ಆಪಾ ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ನೋಡಿದರು. ಫೋಟೋದವನು ಏನು ಮಾಡಿದ್ದ, ಗಂಗಿ ಏನು ಅಂದಳು ಎಂದು ನಾನು ಎಲ್ಲ ಹೇಳಿದೆ. ಅವರು ಏದುಸಿರಿನ ನಡುವೆಯೇ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ನೆರಿಗೆ ಮಾತ್ರ ಸರಿ ಬಿದ್ದಿಲ್ಲ" ಎಂದರು. "ಎಡಗಡೆ ನೋಡ್ರಿ, ಒಂದು ಒಳಗೆ ಹೋಗೈತೆ. ನಾಳೆ ಕಳಿಸ್ರಿ ಅವಳನ್ನ, ಬೈಬೇಕು."

ಆದರೆ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅವತ್ತು ನಾನು ಜಗಳ ಆಡಿದೆ ಅಜ್ಜಾ. ಇವತ್ತು ಅವಳೇ ಆಡಿದ್ಲು. ನಂಗೆ ಇನ್ನೇನೂ ಬ್ಯಾಡ" ಎಂದರು.

ಗಂಗಿ ಮರುದಿನ ಹೋಗಿ ನೆರಿಗೆಯ ಬೈಗುಳ ಇಸಿದುಕೊಂಡು ಬಂದಳು. ಒಂದು ತಿಂಗಳೂ ಆಗಲಿಲ್ಲ, ಆಪಾ ಹೋಗಿಬಿಟ್ಟರು. ಆ ದಿನ ಸಾಹುಕಾರರು ಅಂಗಡಿಯ ಬಾಗಿಲು ತೆರೆಯಲಿಲ್ಲ. ಜನಾಜಾ ಹೊತ್ತವರ ಹಿಂದೆ ನಾನೂ ಕಬರಸ್ಥಾನದವರೆಗೆ ನಡೆದೆ. ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದೆ. ನನ್ನನ್ನು ಯಾರೂ ನೀನು ಯಾರು ಎಂದು ಕೇಳಲಿಲ್ಲ. ಮನೆಯ ಅಂಗಳದಲ್ಲಿ ಹೆಣ್ಣುಮಕ್ಕಳು ತುಂಬಿಹೋಗಿದ್ದರಂತೆ. ಅಸ್ಸಾಮಿನವಳು ತನ್ನ ಮಾತಿನಲ್ಲೇ ಏನೇನೋ ಹೇಳಿಕೊಂಡು ಅತ್ತಳಂತೆ. ಯಾರಿಗೂ ಅದರ ಅರ್ಥ ತಿಳಿಯಲಿಲ್ಲ, ಆದರೂ ಎಲ್ಲರೂ ಅವಳ ಜೊತೆ ಅತ್ತರು ಎಂದು ಗಂಗಿ ಹೇಳಿದಳು.

ಈಗಲೂ ಊರಿಗೆ ಹೋಗುವಾಗ ನಾನು ಬಸ್ಸಿನಲ್ಲಿ ಆ ಬೋರ್ಡ್ ಇರುವ ಕಡೆಯ ಕಿಟಕಿಗೇ ಕೂರುತ್ತೇನೆ. ಬೋರ್ಡ್ ಬಂದ ಕೂಡಲೇ ಪಕ್ಕದಲ್ಲಿ ಯಾರೇ ಇರಲಿ, ಗುರುತಿರಲಿ ಬಿಡಲಿ, ತೋಳು ತಟ್ಟಿ, "ಅಲ್ನೋಡ್ರಿ, ನಮ್ಮ ಮೊಮ್ಮಗಳು!" ಎನ್ನುತ್ತೇನೆ. ಅವರು ಬೋರ್ಡಿನ ಕಡೆ ನೋಡುತ್ತಾರೆ. ಆಮೇಲೆ ತಿರುಗಿ ಅದೇ ಬಣ್ಣದ ನನ್ನ ಮುಖ ನೋಡುತ್ತಾರೆ. ಹೌದಾ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.